ಮೋಟಾರ್ ನ್ಯೂರಾನ್ ಕಾಯಿಲೆ: ತೂಕ ಇಳಿಯಲು ಬಿಡಬೇಡಿ

ಕೆಲವು ವರ್ಷಗಳ ಹಿಂದೆ ಐವತ್ತು ದಾಟಿದ ಟೈಲರ್ ಒಬ್ಬರು ನನ್ನ ದವಾಖಾನೆಗೆ ಬಂದಿದ್ದರು. ಬಲಗೈಯಲ್ಲಿ ಕತ್ತರಿ ನಿಲ್ಲುತ್ತಿರಲಿಲ್ಲ. 68 ಕೆ.ಜಿ. ಇದ್ದವರು ಆರು ತಿಂಗಳಲ್ಲಿ 61ಕ್ಕೆ ಇಳಿದಿದ್ದರು. ಸಕ್ಕರೆ ಕಾಯಿಲೆ ಬಂದೀತೆಂಬ ಭಯದಿಂದ ಮನೆಯವರು ಅನ್ನವನ್ನೂ ಕಡಿಮೆ ಮಾಡಿಸಿದ್ದರು. “ತೂಕ ಇಳಿದದ್ದು ಒಳ್ಳೆಯದೇ ಆಯಿತು” ಎಂದು ನಾನೂ ಹೇಳಿದೆ. ಫಾಲಿಜ್, ಅಂದರೆ ಪಾರ್ಶ್ವವಾಯುವಿನ ಆರಂಭವಿರಬಹುದೆಂದು ಎಣಿಸಿ ಮಾಲೀಶಿನ ಎಣ್ಣೆ ಕೊಟ್ಟು ಪಥ್ಯ ಬರೆದೆ. ಎರಡು ತಿಂಗಳ ನಂತರ ನರರೋಗ ತಜ್ಞರ ಚೀಟಿ ಹಿಡಿದು ಮತ್ತೆ ಬಂದರು. ಅದರಲ್ಲಿ ಮೋಟಾರ್ ನ್ಯೂರಾನ್ ಕಾಯಿಲೆ ಎಂದು ಬರೆದಿತ್ತು. ತೂಕ ಇನ್ನೂ ಮೂರು ಕೆ.ಜಿ. ಇಳಿದಿತ್ತು. ಆ ಮೂರು ಕೆ.ಜಿ.ಯಲ್ಲಿ ನನ್ನ ಪಾಲೂ ಇದೆ. ಈ ಲೇಖನ ಬರೆಯಲು ಅದೇ ಕಾರಣ.

ನಮ್ಮ ಮೆದುಳು ಮತ್ತು ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ಆಜ್ಞೆ ಕಳುಹಿಸುವ ನರಕೋಶಗಳಿವೆ. ಈ ರೋಗದಲ್ಲಿ ಅವು ಒಂದೊಂದಾಗಿ ಸಾಯುತ್ತವೆ. ಆಜ್ಞೆ ಬಾರದ ಸ್ನಾಯು ಬಳಲಿ ಸೊರಗುತ್ತದೆ. ಮೊದಲು ಕೈಯೋ ಕಾಲೋ ಸೋಲುತ್ತದೆ. ಕೆಲವರಲ್ಲಿ ಮಾತು ಮತ್ತು ನುಂಗುವಿಕೆಯೇ ಮೊದಲು ಕೆಡುತ್ತವೆ. ಕೊನೆಗೆ ಉಸಿರಾಟದ ಸ್ನಾಯುಗಳಿಗೂ ಅದು ತಟ್ಟುತ್ತದೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ ಪತ್ತೆಯಾದದ್ದು ಇದೇ ಕಾಯಿಲೆ. ಅವರಂತೆ ದಶಕಗಳ ಕಾಲ ಬದುಕುವವರು ಬಹಳ ಅಪರೂಪ. ಇದನ್ನು ಗುಣಪಡಿಸುವ ಔಷಧಿ ಅಲೋಪಥಿಯಲ್ಲಾಗಲಿ ನಮ್ಮ ಯೂನಾನಿಯಲ್ಲಾಗಲಿ ಇಲ್ಲ. ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಹಾಗೆ ಹೇಳುವವನು ಹಕೀಮನಾದರೂ ಸರಿ. ಆದರೆ ಮನೆಯವರ ಕೈಯಲ್ಲೇ ಇರುವ ಒಂದು ಕೆಲಸವಿದೆ. ಅದು ರೋಗಿಯ ತೂಕವನ್ನು ಕಾಯುವುದು.

ತೂಕ ಕಳೆದುಕೊಂಡ ರೋಗಿಗಳಿಗಿಂತ ತೂಕ ಉಳಿಸಿಕೊಂಡವರು ಹೆಚ್ಚು ಕಾಲ ಬದುಕುತ್ತಾರೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ತೀರಾ ತೆಳ್ಳಗಿರುವವರಿಗಿಂತ ಸ್ವಲ್ಪ ದಪ್ಪಗಿರುವವರ ಸ್ಥಿತಿಯೇ ಇಲ್ಲಿ ಮೇಲು. ‘ತೆಳ್ಳಗಿದ್ದರೆ ಆರೋಗ್ಯ’ ಎಂದು ನಾವು ದಿನವೂ ಹೇಳುವ ಮಾತು ಈ ಕಾಯಿಲೆಯಲ್ಲಿ ತಿರುಗಿ ಬೀಳುತ್ತದೆ.

ತೂಕ ಇಳಿಯುವುದೇಕೆ? ಕೈ ಸೋತಿರುತ್ತದೆ, ಆದ್ದರಿಂದ ತುತ್ತು ಬಾಯಿಗೆ ತಲುಪದು. ದವಡೆ ಬೇಗ ದಣಿಯುತ್ತದೆ. ಕೆಮ್ಮು ಬರುತ್ತದೆಂಬ ಭಯದಿಂದ “ಹಸಿವಿಲ್ಲ” ಎಂದು ತಟ್ಟೆ ಸರಿಸುತ್ತಾರೆ. ಇವಿಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಅರ್ಥವಾಗದ್ದು ಇನ್ನೊಂದಿದೆ. ಈ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ದೇಹ ಸುಮ್ಮನೆ ಮಲಗಿದ್ದಾಗಲೂ ಸಾಮಾನ್ಯಕ್ಕಿಂತ ಹೆಚ್ಚು ಶಕ್ತಿ ಸುಡುತ್ತದೆ. ಹಾಗಾಗಿ “ದಿನವಿಡೀ ಮಲಗಿರುವವರಿಗೆ ಅಷ್ಟೇಕೆ ಊಟ?” ಎಂಬ ಲೆಕ್ಕಾಚಾರ ತಪ್ಪು. ಸಾಧಾರಣವಾಗಿ ಕೆ.ಜಿ.ಗೆ 30 ಕ್ಯಾಲೊರಿ ಎಂದು ಹಿಡಿದರೆ 60 ಕೆ.ಜಿ. ತೂಕದವರಿಗೆ ದಿನಕ್ಕೆ 1,800 ಬೇಕು. ಅಷ್ಟು ಕೊಟ್ಟ ಮೇಲೂ ತೂಕ ಇಳಿಯುತ್ತಿದ್ದರೆ ಇನ್ನೂ ಹೆಚ್ಚಿಸಬೇಕು.

ದೇಹದ ತೂಕದಲ್ಲಿ ಸ್ನಾಯುವಿನದು ಒಂದು ಪಾಲು, ಕೊಬ್ಬಿನದು ಇನ್ನೊಂದು. ನರ ಸತ್ತು ಕರಗಿದ ಸ್ನಾಯುವನ್ನು ಯಾವ ಆಹಾರವೂ ಮರಳಿ ತಾರದು. ಜಿಮ್‌ಗೆ ಹೋಗುವ ಹುಡುಗರ ಪ್ರೋಟೀನ್ ಡಬ್ಬ ತಂದು ರೋಗಿಗೆ ಕುಡಿಸುವವರನ್ನು ನಾನು ಕಂಡಿದ್ದೇನೆ. ಪ್ರೀತಿಯಿಂದಲೇ ತರುತ್ತಾರೆ, ಆದರೆ ಅದರಿಂದ ತೋಳು ತುಂಬದು. ಪ್ರೋಟೀನ್ ಬೇಕು, ನಿಜ. ಅದಕ್ಕಿಂತ ಮೊದಲು ಸಾಕಷ್ಟು ಕ್ಯಾಲೊರಿ ಬೇಕು. ಅದು ಸಾಲದಾದರೆ ದೇಹ ಉಳಿದ ಸ್ನಾಯುವನ್ನೇ ಒಡೆದು ಉರುವಲು ಮಾಡಿಕೊಳ್ಳುತ್ತದೆ. ಕೊಬ್ಬು ಇಲ್ಲಿ ಶತ್ರುವಲ್ಲ, ಕೂಡಿಟ್ಟ ದಿನಸಿ. 2020ರಲ್ಲಿ ಜರ್ಮನಿಯಲ್ಲಿ ಸುಮಾರು 200 ರೋಗಿಗಳ ಮೇಲೆ ನಡೆದ ಪ್ರಯೋಗವೊಂದು ಪ್ರಕಟವಾಯಿತು. ದಿನಕ್ಕೆ 405 ಕ್ಯಾಲೊರಿಯಷ್ಟು ಕೊಬ್ಬು ಹೆಚ್ಚುವರಿಯಾಗಿ ಕೊಟ್ಟಾಗ ಎಲ್ಲ ರೋಗಿಗಳ ಆಯುಸ್ಸು ಹೆಚ್ಚಲಿಲ್ಲ. ಆದರೆ ರೋಗ ವೇಗವಾಗಿ ಮುಂದುವರಿಯುತ್ತಿದ್ದವರಲ್ಲಿ ಲಾಭ ಕಂಡಿತು.

ಇನ್ನು ನಮ್ಮವರಿಗೆ ಒಂದು ಮಾತು. ಇಲಾಜ್ ಬಿಲ್ ಗಿಝಾ, ಅಂದರೆ ಆಹಾರದಿಂದಲೇ ಚಿಕಿತ್ಸೆ, ಯೂನಾನಿಯ ದೊಡ್ಡ ಶಕ್ತಿ. ಆದರೆ ಫಾಲಿಜ್‌ಗೆ ಹಳೆಯ ಗ್ರಂಥಗಳು ಹೇಳುವ ಕ್ರಮವನ್ನು ಇಲ್ಲಿ ತರಬಾರದು. ಅಲ್ಲಿ ಮೊದಲ ಕೆಲವು ದಿನ ಊಟ ನಿಲ್ಲಿಸಿ ಮಾಉಲ್ ಅಸಲ್, ಅಂದರೆ ಜೇನುನೀರು ಕೊಡುತ್ತಾರೆ, ಆಮೇಲೆ ಭೇದಿ ಮಾಡಿಸುತ್ತಾರೆ. ಈ ರೋಗಿಗೆ ಉಪವಾಸವೂ ಭೇದಿಯೂ ಉಳಿದ ಬಲವನ್ನು ಕಸಿಯುತ್ತವೆ. ಜೇನುನೀರಿನಂಥ ತಿಳಿ ದ್ರವವಂತೂ ನೇರ ಶ್ವಾಸನಾಳಕ್ಕೆ ಇಳಿಯಬಹುದು. ರಿಲುಝೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕುಶ್ತಾ, ಭಸ್ಮಗಳನ್ನು ಮುಟ್ಟಬೇಡಿ. ಆ ಮಾತ್ರೆ ಯಕೃತ್ತಿಗೆ ತೊಂದರೆ ಕೊಡಬಹುದು, ಅದರ ಮೇಲೆ ಇನ್ನೊಂದು ಹೊರೆ ಬೇಡ. ಮಾಲೀಶು ಮಾಡಿಸಿ, ಮೈ ಹಗುರಾಗುತ್ತದೆ. ಅಷ್ಟೇ.

ಹಾಗಾದರೆ ಏನು ಕೊಡಬೇಕು? ಮೃದುವಾದ, ಒಂದೇ ಹದದ, ಸಣ್ಣ ಪ್ರಮಾಣದಲ್ಲೇ ಹೆಚ್ಚು ಶಕ್ತಿಯಿರುವ ಆಹಾರ. ಹಲೀಮ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಗೋಧಿ, ಬೇಳೆ, ಮಾಂಸ, ತುಪ್ಪ ಎಲ್ಲವೂ ಅದರಲ್ಲಿವೆ. ಖಾರ ಕಡಿಮೆ ಮಾಡಿ, ಮಿಕ್ಸಿಯಲ್ಲಿ ತಿರುಗಿಸಿ, ಮಾಂಸದ ಎಳೆ ಉಳಿಯದಂತೆ ಜರಡಿ ಹಿಡಿಯಿರಿ. ಫಿರ್ನಿ, ಗಟ್ಟಿ ರಾಗಿ ಗಂಜಿ, ಹಾಲಿನಲ್ಲಿ ನೆನೆಸಿ ಅರೆದ ಖರ್ಜೂರ, ಕಿವುಚಿದ ಬಾಳೆಹಣ್ಣು, ಮೊಟ್ಟೆಯ ಕಸ್ಟರ್ಡ್ ಕೊಡಬಹುದು. ಒಂದು ದೊಡ್ಡ ಚಮಚ ತುಪ್ಪ ಬೆರೆಸಿದರೆ ಸುಮಾರು 120 ಕ್ಯಾಲೊರಿ ಸದ್ದಿಲ್ಲದೆ ಸೇರುತ್ತದೆ. ಮಂಡಕ್ಕಿ, ಉದುರು ಉಪ್ಪಿಟ್ಟು, ಒಣ ಬಿಸ್ಕತ್ತು, ಅಗುಳು ಬೇರೆ ನೀರು ಬೇರೆಯಾಗಿರುವ ಗಂಜಿ ಬೇಡ. ಮೂರು ಹೊತ್ತಿನ ಬದಲು ಆರು ಹೊತ್ತು ಕೊಡಿ. ಸಕ್ಕರೆ ಕಾಯಿಲೆಯೂ ಇದ್ದರೆ ಊಟ ಕಡಿತ ಮಾಡಬೇಡಿ, ಔಷಧಿಯನ್ನು ಹೊಂದಿಸಲು ವೈದ್ಯರಿಗೆ ಹೇಳಿ.

ನೆಟ್ಟಗೆ ಕೂರಿಸಿ ಉಣಿಸಿ. ಊಟದ ನಂತರ ಅರ್ಧ ಗಂಟೆ ಮಲಗಿಸಬೇಡಿ. ಲೋಟ ತುಟಿಗೆ ತಾಗದಂತೆ ತಲೆ ಮೇಲೆತ್ತಿ ನೀರು ಹೊಯ್ದುಕೊಳ್ಳುವ ನಮ್ಮ ಅಭ್ಯಾಸ ಇವರಿಗೆ ಅಪಾಯಕಾರಿ. ಗದ್ದವನ್ನು ಎದೆಯ ಕಡೆ ತುಸು ಬಾಗಿಸಿ ನುಂಗುವುದು ಹಲವರಿಗೆ ಸುಲಭ. ಕುಡಿದ ಮೇಲೆ ದನಿ ನೀರು ತುಂಬಿದಂತೆ ಗೊರಗೊರ ಎಂದರೆ, ಊಟದಲ್ಲಿ ಪದೇ ಪದೇ ಕೆಮ್ಮು ಬಂದರೆ, ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿದರೆ ಸ್ಪೀಚ್ ಥೆರಪಿಸ್ಟ್ ಬಳಿ ಕರೆದೊಯ್ಯಿರಿ. ಮಾತಿನಂತೆ ನುಂಗುವಿಕೆಯನ್ನು ಪರೀಕ್ಷಿಸುವವರೂ ಅವರೇ.

ಮನೆಗಳಲ್ಲಿ ಹೆಚ್ಚು ಕಣ್ಣೀರು ಬರುವುದು ಹೊಟ್ಟೆಗೆ ಟ್ಯೂಬ್ ಹಾಕಿಸುವ ಮಾತು ಬಂದಾಗ. “ಅದು ಕೊನೆಯ ದಿನಗಳಲ್ಲಿ ನೋಡೋಣ ಹಕೀಮ್ ಸಾಬ್” ಎನ್ನುತ್ತಾರೆ. ಕೊನೆಗೆ ಮುಂದೂಡಿದರೆ ಹಾಕುವುದೇ ಕಷ್ಟ. ಉಸಿರಿನ ಸಾಮರ್ಥ್ಯ ಇರಬೇಕಾದುದರ ಅರ್ಧಕ್ಕೆ ಇಳಿಯುವ ಮೊದಲೇ ಹಾಕಿಸಿದರೆ ಅಪಾಯ ಕಡಿಮೆ. ಮೊದಲಿನ ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದಾಗಲೇ ಈ ಮಾತು ಎತ್ತಬೇಕು. 60 ಕೆ.ಜಿ.ಯವರಿಗೆ ಅದು 3ರಿಂದ 6 ಕೆ.ಜಿ. ತಿಂಗಳಿಗೊಮ್ಮೆ ತೂಕ ನೋಡಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಪಾದಗಳಲ್ಲಿ ಬಾವು ಬಂದಿದ್ದರೆ ಅದನ್ನೂ ಬರೆಯಿರಿ, ನೀರಿನ ಭಾರ ನಿಮ್ಮನ್ನು ಮೋಸಗೊಳಿಸುತ್ತದೆ.

ರಮಝಾನಿನಲ್ಲಿ ಉಪವಾಸ ಹಿಡಿಯುತ್ತೇನೆಂದು ಹಟ ಮಾಡುವ ಹಿರಿಯರಿದ್ದಾರೆ. ರೋಗಿಗೆ ಧರ್ಮ ಕೊಟ್ಟಿರುವ ವಿನಾಯಿತಿಯನ್ನೂ ಫಿದ್ಯಾದ ಬಗೆಯನ್ನೂ ನಿಮ್ಮ ಆಲಿಮರಿಂದಲೇ ಅವರಿಗೆ ಹೇಳಿಸಿ. ಮಕ್ಕಳು ಹೇಳಿದರೆ ಅವರು ಒಪ್ಪುವುದಿಲ್ಲ.

ಟೈಲರ್ ಸಾಹೇಬರೂ ಟ್ಯೂಬ್ ಬೇಡವೆಂದೇ ಹೇಳುತ್ತಿದ್ದರು. ಇನ್ನು ಬಾಯಿಗೆ ರುಚಿಯೇ ಇಲ್ಲವೆಂಬುದು ಅವರ ದುಃಖ. ಟ್ಯೂಬ್ ಇದ್ದರೂ ನುಂಗಲು ಆಗುವಷ್ಟನ್ನು ಬಾಯಿಂದ ತಿನ್ನಬಹುದೆಂದು ಥೆರಪಿಸ್ಟ್ ತಿಳಿಸಿದ ಮೇಲೆ ಒಪ್ಪಿದರು. ಮುಂದಿನ ಐದು ತಿಂಗಳು ಅವರ ತೂಕ 58ರಲ್ಲೇ ನಿಂತಿತು. ಶುಕ್ರವಾರ ಮಧ್ಯಾಹ್ನ ಅವರ ಹೆಂಡತಿ ಎರಡು ಚಮಚ ಫಿರ್ನಿಯನ್ನು ಬಾಯಿಂದಲೇ ತಿನ್ನಿಸುತ್ತಿದ್ದರು.