ಕೋಣೆ ಬಾಡಿಗೆ: ಬಾಯಿಮಾತಿಗೆ ಕೊಟ್ಟ ಅಡ್ವಾನ್ಸ್

ಕರಾರು ಪತ್ರವಿಲ್ಲದೆ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಇರುವವರಿಗೆ ಯಾವ ಹಕ್ಕೂ ಇಲ್ಲ ಎಂಬ ನಂಬಿಕೆ ಬಲವಾಗಿದೆ, ಅದು ತಪ್ಪು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಮಿನ ಪ್ರಕಾರ, ಒಂದು ವರ್ಷ ಮೀರಿದ ಅಥವಾ ವರ್ಷದ ಲೆಕ್ಕದಲ್ಲಿ ನಡೆಯುವ ಬಾಡಿಗೆಗೆ ಮಾತ್ರ ನೋಂದಾಯಿತ ಪತ್ರ ಕಡ್ಡಾಯ. ಅದಕ್ಕಿಂತ ಕಡಿಮೆ ಅವಧಿಯದು ಮಾತಿನ ಒಪ್ಪಂದದಿಂದಲೂ ಆಗುತ್ತದೆ, ಕೋಣೆ ಬಾಡಿಗೆದಾರರ ಸ್ವಾಧೀನಕ್ಕೆ ಬಂದಿದ್ದರೆ ಸಾಕು. ಅಂದರೆ ಕರಾರು ಇದ್ದೇ ಇರುತ್ತದೆ. ಅದರಲ್ಲಿ ಏನೇನು ಒಪ್ಪಿದ್ದರು ಎಂದು ತೋರಿಸಲು ಮಾತ್ರ ಏನೂ ಇರುವುದಿಲ್ಲ. ಈ ಕೊರತೆಯ ಹೊಡೆತ ಮೊದಲು ಬೀಳುವುದು ಅಡ್ವಾನ್ಸ್ ಹಣದ ಮೇಲೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಹಳೆಯದು. ಈಗ ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ. ಹಳೆಯ ಲೆಕ್ಕದಲ್ಲಿ 8,000 ರೂಪಾಯಿ ಬಾಡಿಗೆಯ ಒಂದು ಕೋಣೆಗೆ 80,000 ರೂಪಾಯಿ. ಊರಿನಿಂದ ಮೊದಲ ಕೆಲಸಕ್ಕೆ ಬಂದವರ ಮಟ್ಟಿಗೆ ಅದು ಅಲ್ಲಿಯವರೆಗೆ ಕೈಯಲ್ಲಿ ಹಿಡಿದ ಅತಿ ದೊಡ್ಡ ಮೊತ್ತ. ಅದರ ಹಿಂದೆ ಮನೆಯವರು ಅಡವಿಟ್ಟ ಒಡವೆಯೋ ಸಂಘದಲ್ಲಿ ಎತ್ತಿದ ಸಾಲವೋ ಇರುತ್ತದೆ. ಇಷ್ಟು ಹಣ ಒಂದು ರಸೀದಿಯೂ ಇಲ್ಲದೆ ಕೈ ಬದಲಾಗುತ್ತದೆ. ಹಣಕಾಸಿನ ದೃಷ್ಟಿಯಲ್ಲಿ ಇದು ಬಾಡಿಗೆದಾರರು ಮಾಲೀಕರಿಗೆ ಕೊಟ್ಟ ಸಾಲವೇ: ಬಡ್ಡಿಯಿಲ್ಲ, ಭದ್ರತೆಯಿಲ್ಲ, ತೀರಿಸುವ ದಿನಾಂಕವೂ ಇಲ್ಲ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳಿದೆಯಾದರೂ ಅದು ಮಾದರಿ ಮಾತ್ರ. ರಾಜ್ಯವೊಂದು ಅದನ್ನು ತನ್ನ ಕಾನೂನಾಗಿ ಮಾಡಿಕೊಂಡಾಗಲೇ ಜಾರಿಗೆ ಬರುವಂಥದ್ದು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಂತೂ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ. ನಗರದ ಹೆಚ್ಚಿನ ಕೋಣೆಗಳು ಹೀಗೆ ಅದರ ಆಸರೆಯಿಂದ ಹೊರಗುಳಿದಿವೆ.

ಕೋಣೆಯನ್ನು ಹಂಚಿಕೊಂಡು ಇರುವವರ ಸ್ಥಿತಿ ಇನ್ನೂ ಸೂಕ್ಷ್ಮ. ಮೂವರಿದ್ದ ಕೋಣೆಯಿಂದ ಒಬ್ಬರು ಹೊರಟಾಗ ತಮ್ಮ ಪಾಲಿನ ಅಡ್ವಾನ್ಸನ್ನು ಮಾಲೀಕರಿಂದ ಕೇಳುವುದಿಲ್ಲ, ಹೊಸದಾಗಿ ಬರುವವರಿಂದ ಪಡೆದು ಹೋಗುತ್ತಾರೆ. ಎರಡು ಮೂರು ವರ್ಷದಲ್ಲಿ ಮೊದಲು ಹಣ ಕೊಟ್ಟವರು ಯಾರೂ ಅಲ್ಲಿ ಉಳಿದಿರುವುದಿಲ್ಲ. ಈ ಅಂಕಣದ ಲೇಖಕರು ಹಿಂದೆ ವಾಸವಿದ್ದ ಇಂಥದೇ ಒಂದು ಮನೆಯಲ್ಲಿ, ಖಾಲಿ ಮಾಡುವ ದಿನ ಮಾಲೀಕರ ನೋಟ್‌ಬುಕ್ಕಿನಲ್ಲಿದ್ದ ಹೆಸರು ಬಹಳ ಹಿಂದೆಯೇ ಬಿಟ್ಟುಹೋದವರದಾಗಿತ್ತು. ಆಗ ಇದ್ದವರು ತಮ್ಮ ಪಾಲು ಕೊಟ್ಟದ್ದು ಹಳೆಯ ಜೊತೆಗಾರರಿಗೆ. ಮಾಲೀಕರು ಪಡೆದದ್ದು ಬೇರೆ ಯಾರಿಂದಲೋ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಹಾಗಿದ್ದೂ ಕೊನೆಯವರು ಪೂರ್ತಿ ಹಣ ನೋಡಲಿಲ್ಲ. ಹಿಂದಿನವರು ಬಾಕಿ ಉಳಿಸಿದ್ದ ಬಾಡಿಗೆಯೂ ವರ್ಷಗಟ್ಟಲೆ ಸವೆದ ಗೋಡೆಯ ಬಣ್ಣವೂ ಅವರ ಲೆಕ್ಕಕ್ಕೇ ಬಂದವು. ಜೊತೆಗಾರರು ಬದಲಾದಾಗಲೆಲ್ಲ ಮಾಲೀಕರಿಗೆ ಒಂದು ವಾಟ್ಸ್ಆ್ಯಪ್ ಸಂದೇಶ ಹಾಕಿ 'ಸರಿ' ಎಂಬ ಉತ್ತರ ಪಡೆದಿದ್ದರೆ ಈ ಸರಪಣಿ ತುಂಡಾಗುತ್ತಿರಲಿಲ್ಲ.

ಬಣ್ಣದ ಖರ್ಚು ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಎಲ್ಲೆಡೆ ನಡೆಯುವ ಪದ್ಧತಿ. ಪತ್ರವಿಲ್ಲದಿದ್ದರೆ ಒಂದು ತಿಂಗಳು ಎರಡಾಗಬಹುದು. ಮೊದಲೇ ಕೆಟ್ಟಿದ್ದ ಗೀಸರ್, ಒಡೆದಿದ್ದ ವಾಶ್‌ಬೇಸಿನ್ ಕೂಡ ಸೇರಬಹುದು. ಸಾಮಾನು ಇಳಿಸುವ ಮೊದಲೇ ಕೋಣೆಯ ಫೋಟೊ ತೆಗೆದು ಮಾಲೀಕರಿಗೆ ಕಳಿಸುವುದು ಖರ್ಚಿಲ್ಲದ ರಕ್ಷಣೆ.

ಏಕಾಏಕಿ ಖಾಲಿ ಮಾಡಿಸುವ ಭಯದ ಮಟ್ಟಿಗೆ ಕಾನೂನು ತುಸು ಗಟ್ಟಿಯಾಗಿದೆ. ಬೇರೆ ಒಪ್ಪಂದವಿಲ್ಲದಿದ್ದರೆ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ಲಿಖಿತ ನೋಟಿಸ್ ಬೇಕು ಎನ್ನುತ್ತದೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ. ‘ಭಾನುವಾರದೊಳಗೆ ಬಿಡಿ’ ಎಂಬ ಫೋನ್ ಕರೆ ನೋಟಿಸ್ ಅಲ್ಲ. ಬೀಗ ಬದಲಿಸಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ಸ್ವಾಧೀನ ಮರಳಿ ಕೇಳಬಹುದು. ಆದರೆ ಅಲ್ಲಿ ವಾಸವಿದ್ದದ್ದನ್ನು ಮೊದಲು ತೋರಿಸಬೇಕಲ್ಲ! ಪೇಯಿಂಗ್ ಗೆಸ್ಟ್ ಆಗಿಯೋ ಮಾಲೀಕರ ಮನೆಯೊಳಗಿನ ಒಂದು ಕೋಣೆಯಲ್ಲೋ ಇರುವವರನ್ನು ಬಾಡಿಗೆದಾರರೆಂದೇ ಪರಿಗಣಿಸದೆ, ಅನುಮತಿಯ ಮೇಲೆ ಇದ್ದವರೆಂದು ಪರಿಗಣಿಸುವ ಸಾಧ್ಯತೆಯೂ ಇದೆ. ಅವರಿಗೆ ಸಿಗುವ ರಕ್ಷಣೆ ಕಡಿಮೆ.

ಕಣ್ಣಿಗೆ ಬೀಳದೆ ಸೋರುವ ಹಣವೂ ಇದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಬೇಕಿದ್ದರೆ ಬಾಡಿಗೆಯ ರಸೀದಿ ಬೇಕು; ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಸಂಖ್ಯೆಯೂ ಬೇಕು. ಬಾಯಿಮಾತಿನ ಬಾಡಿಗೆಯಲ್ಲಿ ಎರಡೂ ಸಿಗುವುದು ಕಷ್ಟ. ಉಚಿತ ವಿದ್ಯುತ್ತಿನ 2023ರ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಉಂಟು, ಆದರೆ ಆ ಮನೆಗೇ ಪ್ರತ್ಯೇಕ ಆರ್.ಆರ್. ಸಂಖ್ಯೆಯ ಮೀಟರ್ ಇರಬೇಕು. ಸಬ್ ಮೀಟರ್ ಹಾಕಿದ ಕೋಣೆಯವರು ಮಾಲೀಕರು ಹೇಳಿದ ದರಕ್ಕೆ ಯೂನಿಟ್ ಲೆಕ್ಕದಲ್ಲಿ ಹಣ ಕೊಡುತ್ತಲೇ ಇರುತ್ತಾರೆ. ಆ ದರ ಎಷ್ಟೆಂದು ಮೊದಲೇ ಬರೆಸಿಕೊಂಡವರು ವಿರಳ.

ಎಲ್ಲಕ್ಕಿಂತ ಅಪಾಯಕಾರಿ ಬಾಯಿಮಾತಿನ ಭೋಗ್ಯ. ಲಕ್ಷಗಟ್ಟಲೆ ಹಣ ಕೊಟ್ಟು ಬಾಡಿಗೆಯಿಲ್ಲದೆ ಇರುವ, ಬಿಡುವಾಗ ಪೂರ್ತಿ ವಾಪಸ್ ಪಡೆಯುವ ಈ ವ್ಯವಸ್ಥೆಯನ್ನು ಜನ ‘ಲೀಸ್’ ಎನ್ನುತ್ತಾರೆ. ಕಾನೂನಿನಲ್ಲಿ ಭೋಗ್ಯ ಅಡಮಾನದ ಒಂದು ಬಗೆ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತದ ಇಂಥ ಅಡಮಾನ ನೋಂದಾಯಿತ ಪತ್ರದಿಂದ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಮಾತ್ರ ಆಗುತ್ತದೆ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 59ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಮನೆಯ ಮೇಲೆ ಮಾಲೀಕರು ಬ್ಯಾಂಕಿನಲ್ಲಿ ಸಾಲ ಮಾಡಿ ತೀರಿಸದಿದ್ದರೆ ಹರಾಜಿನ ನೋಟಿಸ್ ಬಾಗಿಲಿಗೆ ಅಂಟಿದ ದಿನ ನೋಂದಣಿಯಿಲ್ಲದ ಭೋಗ್ಯದಾರರ ಕೈಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿಯುವುದಿಲ್ಲ. ನೋಂದಣಿ ಇಲ್ಲದೆ, ಮನೆಯ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ ನೋಡದೆ ಭೋಗ್ಯಕ್ಕೆ ಹಣ ಕೊಡಲೇಬಾರದು.

ಕೋಣೆಗಾದರೆ ಸಾಮಾನ್ಯವಾಗಿ 11 ತಿಂಗಳ ಕರಾರು ಸಾಕು; ಕಡ್ಡಾಯ ನೋಂದಣಿ ತಪ್ಪಿಸಲೆಂದೇ ಈ ಅವಧಿ ರೂಢಿಗೆ ಬಂದಿದೆ. ಸರಿಯಾದ ಮೌಲ್ಯದ ಇ-ಸ್ಟ್ಯಾಂಪ್ ಕಾಗದದ ಮೇಲೆ ಅಡ್ವಾನ್ಸ್ ಎಷ್ಟು, ಖಾಲಿ ಮಾಡಿದ ಎಷ್ಟು ದಿನಕ್ಕೆ ವಾಪಸ್, ಯಾವುದಕ್ಕೆ ಎಷ್ಟು ಮುರಿತ ಎಂಬುದು ಅಂಕಿಯಲ್ಲಿರಬೇಕು. ಉಳಿದ ಷರತ್ತುಗಳು ಇವುಗಳ ನಂತರದ ಮಾತು. ಮಾಲೀಕರು ಪತ್ರಕ್ಕೆ ಒಪ್ಪದಿದ್ದರೆ ಅಡ್ವಾನ್ಸನ್ನು ಬ್ಯಾಂಕ್ ಖಾತೆಗೇ ಕಳಿಸಿ ‘ಕೋಣೆ ಅಡ್ವಾನ್ಸ್’ ಎಂದು ನಮೂದಿಸಬೇಕು. ಯುಪಿಐ ವಿವರ ಮತ್ತು ಸಂದೇಶಗಳನ್ನು ನಿಯಮದಂತೆ ಪ್ರಮಾಣೀಕರಿಸಿ ಕೊಟ್ಟರೆ ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ನಗದೇ ಬೇಕೆಂದು ಹಟ ಹಿಡಿದು ರಸೀದಿಯನ್ನೂ ಕೊಡದ ಕಡೆ ಕೋಣೆ ಹಿಡಿಯದಿರುವುದೇ ಲೇಸು.

ಅಡ್ವಾನ್ಸ್ ವಾಪಸ್ ಬರದಿದ್ದರೆ ಮೊದಲು ಲಿಖಿತವಾಗಿ ಕೇಳಬೇಕು. ದಾವೆ ಹೂಡಲು ಮೂರು ವರ್ಷದ ಕಾಲಮಿತಿ ಇದೆ. ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಎರಡೂ ಕಡೆಯವರನ್ನು ಕರೆಸಿ ರಾಜಿಗೆ ಪ್ರಯತ್ನಿಸುತ್ತಾರೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ.