ಮನೆ ಬೆಲೆ ಏರಿದೆಯಂತೆ. ಯಾವ ಮನೆಯದ್ದು?

ಕಳೆದ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಮ್ಮ ಹಾಸ್ಟೆಲ್‌ನ ಗೆಳೆಯನೊಬ್ಬ ಊರಿಂದ ಬಂದ ಫೋನ್ ಇಟ್ಟವನೇ ನಮ್ಮ ರೂಮಿಗೆ ಬಂದು ಕೂತ. ಅವರಪ್ಪ ಬಹಳ ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದಲ್ಲಿ ಒಂದು 30×40 ಸೈಟ್ ತೆಗೆದಿಟ್ಟಿದ್ದರು. ಈಗ ಅದನ್ನು ಮಾರಿ, ಮಗನಿಗೆ ಕೆಲಸ ಸಿಗುವಷ್ಟರಲ್ಲಿ ಇರಲಿ ಅಂತ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೊಳ್ಳುವ ಯೋಚನೆ ಮಾಡಿದ್ದಾರೆ. ನಗರದಲ್ಲಿ ಮನೆಗಳ ಸರಾಸರಿ ಬೆಲೆ ಜೋರಾಗಿ ಏರಿದೆ ಅಂತ ಪೇಪರಿನಲ್ಲಿ ಓದಿದ್ದೇ ಕಾರಣ. "ಈಗ ತಗೊಳ್ಳದಿದ್ರೆ ಇನ್ಯಾವತ್ತೂ ಆಗಲ್ಲ" ಅನ್ನೋದು ಅವರ ಮಾತು. ಗೆಳೆಯ ನಮ್ಮನ್ನು ಕೇಳಿದ್ದು ಇಷ್ಟೇ: "ಸರಾಸರಿ ಏರಿದೆ ಅಂದ್ರೆ ನಾವು ಕೊಳ್ಳೋ ಫ್ಲ್ಯಾಟಿನ ಬೆಲೆನೂ ಏರಿದೆ ಅಂತಾನಾ?"

ಐದು ನಿಮಿಷದ ಉತ್ತರ ಅಂದುಕೊಂಡೆವು. ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಗಣಿತ ಎಲ್ಲಾ ನಮಗೆ ಗೊತ್ತಿರೋದೇ, ಹೆದರಬೇಡಿ.

ಎಲ್ಲಾ ಇಳಿದರೂ ಸರಾಸರಿ ಏರಬಹುದು

ಲೆಕ್ಕಕ್ಕೋಸ್ಕರ ನಾವೇ ಒಂದು ಪುಟ್ಟ ಊರು ಮಾಡಿಕೊಳ್ಳೋಣ. ಇಲ್ಲಿ ಎರಡೇ ಬಗೆಯ ಮನೆ: ಫ್ಲ್ಯಾಟ್ ಮತ್ತು ಸ್ವತಂತ್ರ ಮನೆ. ಮೊದಲ ವರ್ಷ ಹತ್ತು ಮಾರಾಟ ಆಯಿತು. ತಲಾ 60 ಲಕ್ಷದಂತೆ ಆರು ಫ್ಲ್ಯಾಟ್, ತಲಾ 150 ಲಕ್ಷದಂತೆ ನಾಲ್ಕು ಸ್ವತಂತ್ರ ಮನೆ. ಒಟ್ಟು 960 ಲಕ್ಷ, ಸರಾಸರಿ 96 ಲಕ್ಷ.

ಎರಡನೇ ವರ್ಷ ಮಾರುಕಟ್ಟೆ ಬಿತ್ತು. ಎರಡೂ ಬಗೆಯ ಮನೆಗಳ ಬೆಲೆ ಶೇ 5ರಷ್ಟು ಇಳಿಯಿತು. ಫ್ಲ್ಯಾಟ್ 57 ಲಕ್ಷ, ಮನೆ 142.5 ಲಕ್ಷ. ಆದರೆ ಆ ವರ್ಷ ಮಾರಾಟವಾದದ್ದು ನಾಲ್ಕು ಫ್ಲ್ಯಾಟ್, ಆರು ಸ್ವತಂತ್ರ ಮನೆ. ಒಟ್ಟು 228 ಮತ್ತು 855, ಅಂದರೆ 1083 ಲಕ್ಷ. ಸರಾಸರಿ 108.3 ಲಕ್ಷ. ಮರುದಿನದ ಹೆಡ್‌ಲೈನ್: ಮನೆ ಬೆಲೆ ಶೇ 13ರಷ್ಟು ಏರಿಕೆ!

ಒಂದೇ ಒಂದು ಮನೆಯ ಬೆಲೆಯೂ ಏರಿಲ್ಲ. ಬದಲಾದದ್ದು ಯಾವ ಮನೆಗಳು ಎಷ್ಟು ಮಾರಾಟವಾದವು ಅನ್ನೋದು ಮಾತ್ರ. ಪ್ರಾಬಬಿಲಿಟಿ ಕ್ಲಾಸಿನಲ್ಲಿ ಸಿಂಪ್ಸನ್‌ನ ವಿರೋಧಾಭಾಸ ಅಂತ ಓದಿ ಮರೆತಿದ್ದೆವಲ್ಲ, ಅದೇ ಇದು.

"ಸರಾಸರಿ ಬೇಡ, ಮೀಡಿಯನ್ ತಗೊಳ್ಳಿ" ಅಂತ ನಮ್ಮಲ್ಲೇ ಒಬ್ಬರು ಹೇಳಿದರು. ಸರಿ, ಅದನ್ನೂ ನೋಡಿದೆವು. ಮೊದಲ ವರ್ಷ ಬೆಲೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದರೆ ಐದನೆಯದೂ ಆರನೆಯದೂ 60 ಲಕ್ಷ, ಹಾಗಾಗಿ ಮೀಡಿಯನ್ 60. ಎರಡನೇ ವರ್ಷ ಎರಡೂ 142.5. ಬೆಲೆ ಇಳಿದ ವರ್ಷದಲ್ಲಿ ಮೀಡಿಯನ್ ಎರಡು ಪಟ್ಟಿಗೂ ಮೀರಿ ಹಾರಿತು! ಒಂದೆರಡು ದುಬಾರಿ ಬಂಗಲೆಗಳು ಲೆಕ್ಕ ಕೆಡಿಸುವುದನ್ನು ಮೀಡಿಯನ್ ತಡೆಯುತ್ತೆ, ನಿಜ. ಆದರೆ ಬಗೆಗಳ ಪ್ರಮಾಣವೇ ಬದಲಾದರೆ ಅದು ಸರಾಸರಿಗಿಂತ ಕೆಟ್ಟದಾಗಿ ಮೋಸ ಮಾಡಬಹುದು.

ಇದಕ್ಕೆ ಮದ್ದು ಹಳೆಯದೇ. ಮೊದಲ ವರ್ಷದ ಬುಟ್ಟಿಯನ್ನು, ಅಂದರೆ ಆರು ಫ್ಲ್ಯಾಟ್ ನಾಲ್ಕು ಮನೆಯನ್ನು, ಹಾಗೇ ಹಿಡಿದುಕೊಂಡು ಎರಡನೇ ವರ್ಷದ ಬೆಲೆ ಹಾಕಬೇಕು. 342 ಕೂಡಿಸು 570, ಒಟ್ಟು 912. ಇದನ್ನು 960ರಿಂದ ಭಾಗಿಸಿದರೆ 0.95. ಮೊದಲ ವರ್ಷ 100 ಅಂದರೆ ಈಗ 95. ನಿಜ ಸಂಗತಿ ಹೊರಗೆ ಬಂತು. 19ನೇ ಶತಮಾನದ ಜರ್ಮನ್ ಅರ್ಥಶಾಸ್ತ್ರಜ್ಞ ಲ್ಯಾಸ್ಪೇರ್ಸ್ ಹೆಸರಿನ ಸೂಚ್ಯಂಕ ಇದು. ನಮ್ಮ ರಿಸರ್ವ್ ಬ್ಯಾಂಕ್ 2010-11ನ್ನು 100 ಅಂತಿಟ್ಟು, ನೋಂದಣಿ ಇಲಾಖೆಗಳ ಮಾಹಿತಿಯಿಂದ ಬೆಂಗಳೂರು ಸೇರಿ ಹತ್ತು ನಗರಗಳಿಗೆ ವರ್ಷಗಟ್ಟಲೆ ಲೆಕ್ಕ ಹಾಕಿದ ಮನೆ ಬೆಲೆ ಸೂಚ್ಯಂಕವೂ ಇದೇ ಜಾತಿಯದು. ರಾಷ್ಟ್ರೀಯ ವಸತಿ ಬ್ಯಾಂಕಿನ ರೆಸಿಡೆಕ್ಸ್ 2017-18ನ್ನು ಆಧಾರ ವರ್ಷ ಮಾಡಿಕೊಂಡು 50 ನಗರಗಳನ್ನು ನೋಡುತ್ತೆ. ಮನೆಗಳನ್ನು ಕಾರ್ಪೆಟ್ ವಿಸ್ತೀರ್ಣದ ಮೇಲೆ 60 ಚದರ ಮೀಟರ್‌ವರೆಗಿನವು, 60ರಿಂದ 110, ಅದಕ್ಕೂ ದೊಡ್ಡವು ಅಂತ ವಿಂಗಡಿಸುತ್ತೆ.

ಒಂದು ತಪ್ಪು ನಾವೂ ಮಾಡಿದ್ದೆವು, ಹೇಳಿಬಿಡ್ತೀವಿ. ಎರಡು ನಗರಗಳ ಸೂಚ್ಯಂಕ ಪಕ್ಕಪಕ್ಕ ಇಟ್ಟು, ದೊಡ್ಡ ಸಂಖ್ಯೆ ಇದ್ದ ಊರು ದುಬಾರಿ ಅಂದುಕೊಂಡೆವು. ಹಾಗಲ್ಲ. ಪ್ರತಿ ಊರೂ ಆಧಾರ ವರ್ಷದಲ್ಲಿ 100ರಿಂದಲೇ ಹೊರಡುತ್ತೆ. ಸೂಚ್ಯಂಕ ಹೇಳೋದು ಎಷ್ಟು ದೂರ ಬಂತು ಅನ್ನೋದನ್ನು. ಎಲ್ಲಿದೆ ಅನ್ನೋದನ್ನಲ್ಲ.

ಒಂದೇ ಬೀದಿ, ಎರಡು ಓಟ

ಹಾಗಾದರೆ ಫ್ಲ್ಯಾಟೂ ಸ್ವತಂತ್ರ ಮನೆಯೂ ಒಂದೇ ವೇಗದಲ್ಲಿ ಯಾಕೆ ಓಡಲ್ಲ? ನಮಗೆ ಬಹಳ ಇಷ್ಟವಾದ ಭಾಗ ಇದು.

ಮನೆ ಅಂದರೆ ಎರಡು ವಸ್ತು: ನೆಲ ಮತ್ತು ಕಟ್ಟಡ. ನೆಲ ಸವೆಯೋದಿಲ್ಲ, ಊರು ಬೆಳೆದಂತೆ ಅದರ ಬೇಡಿಕೆ ಏರುತ್ತೆ. ಕಟ್ಟಡ ಸವೆಯುತ್ತೆ. ಪ್ಲಂಬಿಂಗ್ ಸೋರುತ್ತೆ, ಲಿಫ್ಟ್ ಕೆಡುತ್ತೆ. ಫ್ಲ್ಯಾಟಿನವರಿಗೂ ನೆಲ ಇದೆ. ಇಡೀ ಜಾಗದಲ್ಲಿ ಅವಿಭಜಿತ ಪಾಲು ಅಂತ ಕ್ರಯಪತ್ರದಲ್ಲಿ ಬರೆದಿರುತ್ತೆ. ಬಿಲ್ಡಿಂಗ್ ಎತ್ತರವಾದಷ್ಟೂ ಆ ಪಾಲು ಸಣ್ಣದು.

ಮತ್ತೆ ನಮ್ಮ ಲೆಕ್ಕದ ಊರಿಗೇ ಹೋಗೋಣ. 150 ಲಕ್ಷದ ಸ್ವತಂತ್ರ ಮನೆಯಲ್ಲಿ ನೆಲ 110, ಕಟ್ಟಡ 40. ಪಕ್ಕದ 60 ಲಕ್ಷದ ಫ್ಲ್ಯಾಟಿನಲ್ಲಿ ನೆಲದ ಪಾಲು 20, ಕಟ್ಟಡ 40. ಒಂದು ವರ್ಷದಲ್ಲಿ ಆ ಬೀದಿಯ ನೆಲದ ಬೆಲೆ ಶೇ 10 ಏರಿ, ಕಟ್ಟಡ ಶೇ 2 ಸವೆಯಿತು ಅನ್ನಿ. ಸ್ವತಂತ್ರ ಮನೆ 121 ಮತ್ತು 39.2, ಒಟ್ಟು 160.2 ಲಕ್ಷ. ಶೇ 6.8 ಏರಿಕೆ. ಫ್ಲ್ಯಾಟ್ 22 ಮತ್ತು 39.2, ಒಟ್ಟು 61.2 ಲಕ್ಷ. ಶೇ 2 ಮಾತ್ರ. ಖಾಲಿ ಸೈಟು? ಅದು ಪೂರ್ತಿ ನೆಲ, ಹಾಗಾಗಿ ಪೂರಾ ಶೇ 10.

ಸೈಟ್ ಇಟ್ಟುಕೊಂಡವರು ಇಲ್ಲಿ ಕುಣಿಯಬೇಡಿ. ನೆಲದ ಬೆಲೆ ಶೇ 10 ಬಿದ್ದರೆ ಸೈಟಿಗೆ ಶೇ 10 ನಷ್ಟ, ಸ್ವತಂತ್ರ ಮನೆಗೆ ಸುಮಾರು ಶೇ 8, ಫ್ಲ್ಯಾಟಿಗೆ ಶೇ 5ಕ್ಕಿಂತ ಕಮ್ಮಿ. ಸಿಗ್ನಲ್ ಭಾಷೆಯಲ್ಲಿ ಹೇಳೋದಾದರೆ ಇನ್‌ಪುಟ್ ಒಂದೇ, ಗೇನ್ ಬೇರೆ ಬೇರೆ. ಜೊತೆಗೆ ಫ್ಲ್ಯಾಟ್ ತಿಂಗಳು ತಿಂಗಳು ಬಾಡಿಗೆ ತರುತ್ತೆ. ಖಾಲಿ ಸೈಟ್ ತರೋದು ಕಳೆ, ಕಾಂಪೌಂಡಿನ ಖರ್ಚು ಮತ್ತು ಒತ್ತುವರಿಯ ಭಯ. ಬೆಲೆಯ ಗ್ರಾಫಿನಲ್ಲಿ ಇದು ಯಾವುದೂ ಕಾಣಲ್ಲ. ಸಿಮೆಂಟು, ಕಬ್ಬಿಣ, ಕೂಲಿ ಏರಿದರೆ ಹಳೇ ಕಟ್ಟಡದ ಬೆಲೆಯೂ ಕೊಂಚ ಮೇಲೇಳುತ್ತೆ, ಅದನ್ನು ಇಲ್ಲಿ ಬಿಟ್ಟಿದ್ದೇವೆ.

ಸೆನ್ಸರ್ ಸರಿಯಿದೆಯಾ?

ಲ್ಯಾಬ್‌ನಲ್ಲಿ ರೀಡಿಂಗ್ ವಿಚಿತ್ರ ಬಂದರೆ ಮೊದಲು ಉಪಕರಣ ನೋಡ್ತೀವಿ. ಮನೆ ಬೆಲೆಯ ವಿಷಯದಲ್ಲಿ ಉಪಕರಣಗಳ ಕಥೆ ಇನ್ನೂ ವಿಚಿತ್ರ.

ಮೊದಲು ಛೇದ. ಚದರ ಅಡಿಗೆ ಇಷ್ಟು ಅಂತ ಎಲ್ಲರೂ ಹೇಳ್ತಾರೆ, ಆದರೆ ಯಾವ ಚದರ ಅಡಿ? ಫ್ಲ್ಯಾಟಿನ ಜಾಹೀರಾತಿನಲ್ಲಿ ಸೂಪರ್ ಬಿಲ್ಟ್‌ಅಪ್, ಅಂದರೆ ಲಿಫ್ಟ್, ಮೆಟ್ಟಿಲು, ಲಾಬಿಯ ಪಾಲೂ ಸೇರಿದ್ದು. 2016ರ ರೇರಾ ಕಾಯ್ದೆ ಹೇಳೋದು ಕಾರ್ಪೆಟ್ ವಿಸ್ತೀರ್ಣ: ಒಳಗೋಡೆ ಸೇರುತ್ತೆ, ಹೊರಗೋಡೆ, ಬಾಲ್ಕನಿ ಸೇರಲ್ಲ. ಸೈಟು, ಸ್ವತಂತ್ರ ಮನೆ ಆದರೆ ಜನ ಸೈಟಿನ ಅಳತೆಯಿಂದಲೇ ಭಾಗಿಸ್ತಾರೆ. ಸೂಪರ್ ಬಿಲ್ಟ್‌ಅಪ್ 1200, ಕಾರ್ಪೆಟ್ 840 ಇರುವ 60 ಲಕ್ಷದ ಫ್ಲ್ಯಾಟ್ ಒಂದು ಲೆಕ್ಕದಲ್ಲಿ ಚದರ ಅಡಿಗೆ 5000 ರೂಪಾಯಿ, ಇನ್ನೊಂದರಲ್ಲಿ 7143. ಎರಡು ಕಡೆಯಿಂದ ಡೇಟಾ ತಂದು ಒಂದೇ ಕಾಲಂಗೆ ಸುರಿದರೆ ಶೇ 43ರ ಏರಿಕೆ ನಾವೇ ತಯಾರಿಸಿದಂತೆ. ನಮ್ಮ ಮೊದಲ ಶೀಟಿನಲ್ಲಿ ಆಗಿದ್ದೂ ಇದೇ.

ಆಮೇಲೆ ಬೆಲೆ. ಜಾಲತಾಣಗಳಲ್ಲಿ ಕಾಣೋದು ಮಾರುವವರು ಕೇಳುವ ಬೆಲೆ, ಕೊಟ್ಟ ಬೆಲೆಯಲ್ಲ. ಮಾರುಕಟ್ಟೆ ತಣ್ಣಗಾದಾಗ ಕೇಳುವ ಬೆಲೆ ಬೇಗ ಇಳಿಯೋದಿಲ್ಲ, ಜನ ಕಾಯ್ತಾರೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬರೆಯೋದು ನಿಜವಾದ ಮಾರಾಟ, ಆದರೆ ಅಲ್ಲಿ ಮಾರ್ಗಸೂಚಿ ಬೆಲೆ ಅನ್ನೋ ಗುರುತ್ವ ಇದೆ. ಮುದ್ರಾಂಕ ಶುಲ್ಕ ಕಟ್ಟೋದು ಮಾರ್ಗಸೂಚಿ ಬೆಲೆ ಅಥವಾ ಪತ್ರದಲ್ಲಿ ಬರೆದ ಬೆಲೆ, ಎರಡರಲ್ಲಿ ಹೆಚ್ಚಿನದರ ಮೇಲೆ. ಹಾಗಾಗಿ ಪತ್ರದ ಬೆಲೆ ಮಾರ್ಗಸೂಚಿಯ ಹತ್ತಿರಕ್ಕೇ ಜಾರುವ ಆಸೆ ಎಲ್ಲರಿಗೂ. ಕರ್ನಾಟಕದಲ್ಲಿ 2023ರ ಅಕ್ಟೋಬರ್ 1ರಿಂದ ಹೊಸ ಮಾರ್ಗಸೂಚಿ ಬೆಲೆ ಜಾರಿಗೆ ಬಂತು. ಇಂಥ ದಿನಾಂಕದಲ್ಲಿ ನೋಂದಾಯಿತ ಬೆಲೆ ಮೇಲೆ ಹಾರಿದರೆ ಅದರಲ್ಲಿ ಮಾರುಕಟ್ಟೆ ಎಷ್ಟು, ಸ್ಕೇಲಿನ ಸೊನ್ನೆ ಸರಿದದ್ದೆಷ್ಟು ಅಂತ ಬಿಡಿಸಿ ನೋಡಬೇಕು. ಗ್ರಾಫಿನಲ್ಲಿ ಆ ದಿನಕ್ಕೆ ಒಂದು ಲಂಬ ಗೆರೆ ಎಳೆದುಬಿಡಿ.

ನಮ್ಮನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ವಿಳಂಬ. ಸೈಟು, ಹಳೇ ಮನೆ ಆದರೆ ಮಾತುಕತೆಗೂ ಕ್ರಯಪತ್ರಕ್ಕೂ ಕೆಲವು ತಿಂಗಳ ಅಂತರ. ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಬೆಲೆ ಒಪ್ಪಂದದ ದಿನವೇ ನಿಗದಿಯಾಗುತ್ತೆ, ಕ್ರಯಪತ್ರ ಸಾಮಾನ್ಯವಾಗಿ ಕಟ್ಟಡ ಮುಗಿದ ಮೇಲೆ. ಮೂರು ವರ್ಷ ಹಿಡಿದರೆ ಇವತ್ತು ನೋಂದಣಿಯಾದ ಪತ್ರದಲ್ಲಿರೋದು ಮೂರು ವರ್ಷ ಹಿಂದಿನ ಬೆಲೆ! ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ "ಸೈಟ್ ಏರಿದೆ, ಫ್ಲ್ಯಾಟ್ ಇನ್ನೂ ಅಗ್ಗ" ಅಂದರೆ ಅದು ಫೇಸ್ ಲ್ಯಾಗ್ ನೋಡದೆ ಹೇಳಿದ ಮಾತು. ತೆರಿಗೆಯಲ್ಲೂ ಇವೆರಡು ಬೇರೆ. ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ ಉಂಟು, ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ಮೇಲೆ ಮಾರಿದರೆ ಇಲ್ಲ. ಬೆಲೆ ಹೋಲಿಸುವಾಗ ತೆರಿಗೆ ಸೇರಿಸಿದ್ದಾ ಬಿಟ್ಟಿದ್ದಾ ಅಂತ ಕೇಳಿ.

ಇನ್ನು ಆಷಾಢ. ನಗಬೇಡಿ. ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಬಹಳ ಮನೆಗಳಲ್ಲಿ ಪತ್ರ ಮಾಡಿಸೋದೂ ಇಲ್ಲ. ಈ ತ್ರೈಮಾಸಿಕವನ್ನು ಹೋದ ವರ್ಷದ ಅದೇ ತ್ರೈಮಾಸಿಕಕ್ಕೆ ಹೋಲಿಸಿದರೆ ಇದು ಸರಿಹೋಗುತ್ತೆ ಅಂದುಕೊಂಡೆವು. ಆದರೆ ಚಾಂದ್ರಮಾನ ತಿಂಗಳು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅಲುಗಾಡುತ್ತೆ. 2023ರಲ್ಲಿ ಆಷಾಢ ಜೂನ್ 19ಕ್ಕೇ ಶುರು, ಅಂದರೆ ಏಪ್ರಿಲ್-ಜೂನ್ ತ್ರೈಮಾಸಿಕಕ್ಕೂ ಕಾಲಿಟ್ಟಿತ್ತು. 2024ರಲ್ಲಿ ಜುಲೈ 6ಕ್ಕೆ ಶುರುವಾಗಿ ಪೂರ್ತಿ ಜುಲೈ-ಸೆಪ್ಟೆಂಬರ್‌ನಲ್ಲೇ ಬಿತ್ತು. ನಾಲ್ಕು ತ್ರೈಮಾಸಿಕಗಳ ಚಲಿಸುವ ಸರಾಸರಿ ತಗೊಂಡರೆ ಈ ಕುಣಿತ ಬಹುಪಾಲು ಅಡಗುತ್ತೆ. ಪಂಚಾಂಗ ನೋಡಿ ಪೈಥಾನ್ ಬರೆದದ್ದು ನಮಗೂ ಅದೇ ಮೊದಲು.

ಒಂದೇ ಮನೆ, ಎರಡು ಸಲ

ಹೋಲಿಕೆ ಸರಿಯಾಗಿರಬೇಕು ಅಂದರೆ ಒಂದೇ ಮನೆ ಎರಡು ಸಲ ಮಾರಾಟವಾದ ಬೆಲೆಗಳನ್ನೇ ಹಿಡಿಯೋದು ಇನ್ನೊಂದು ದಾರಿ. ಅಮೆರಿಕದ ಕಾರ್ಲ್ ಕೇಸ್, ರಾಬರ್ಟ್ ಶಿಲ್ಲರ್ ಹೆಸರಿನ ಸೂಚ್ಯಂಕ ನಿಂತಿರೋದು ಇದರ ಮೇಲೆ. ಶಿಲ್ಲರ್‌ಗೆ 2013ರಲ್ಲಿ ನೊಬೆಲ್ ಕೂಡ ಬಂತು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇದು ಎಡವುತ್ತೆ. ಹೆಂಚಿನ ಮನೆ ಕೊಂಡವರು ಅದನ್ನು ಕೆಡವಿ ನಾಲ್ಕು ಅಂತಸ್ತಿನ ಬಾಡಿಗೆ ಮನೆ ಎಬ್ಬಿಸಿ ಮಾರಿದರೆ ವಿಳಾಸ ಒಂದೇ, ಮನೆ ಬೇರೆ. ಫ್ಲ್ಯಾಟಿಗಾದರೆ ಈ ವಿಧಾನ ಚೆನ್ನಾಗಿ ಒಪ್ಪುತ್ತೆ. 304ನೇ ನಂಬರಿನ ಮೇಲೆ ಯಾರೂ ಇನ್ನೊಂದು ಮಹಡಿ ಕಟ್ಟಲ್ಲ.

ಉಳಿದವಕ್ಕೆ ನಮ್ಮ ಹಳೇ ಗೆಳೆಯ ರಿಗ್ರೆಶನ್ ಇದ್ದಾನೆ. ಒಂದು ಕಡೆ ಬೆಲೆಯ ಲಾಗರಿದಮ್. ಇನ್ನೊಂದು ಕಡೆ ವಿಸ್ತೀರ್ಣದ ಲಾಗರಿದಮ್, ಕಟ್ಟಡದ ವಯಸ್ಸು, ರಸ್ತೆಯ ಅಗಲ, ಮೆಟ್ರೋಗೆ ದೂರ, ಮತ್ತೆ ಪ್ರತಿ ತ್ರೈಮಾಸಿಕಕ್ಕೂ 0 ಅಥವಾ 1 ಆಗುವ ಒಂದೊಂದು ಚರಾಂಶ. ಆ ಕೊನೆಯವುಗಳ ಗುಣಾಂಕವೇ ಬೆಲೆಯ ಓಟ. ಗುಣಾಂಕ 0.08 ಬಂದರೆ ಆಧಾರ ತ್ರೈಮಾಸಿಕಕ್ಕಿಂತ ಸುಮಾರು ಶೇ 8.3 ಏರಿಕೆ. ಇಲ್ಲಿ ಮರೆಯಬಾರದ ಒಂದು ಮಾತಿದೆ. ಮನೆಯ ಬಗೆಯನ್ನು ಬರೀ ಒಂದು ಚರಾಂಶವಾಗಿ ಸೇರಿಸಿದರೆ ಎಲ್ಲಾ ಬಗೆಯೂ ಒಂದೇ ವೇಗದಲ್ಲಿ ಓಡುತ್ತೆ ಅಂತ ನಾವೇ ಹೇರಿದಂತಾಗುತ್ತೆ. ಬಗೆ ಮತ್ತು ಸಮಯವನ್ನು ಗುಣಿಸಿದ ಪದವೂ ಬೇಕು, ಇಲ್ಲವೇ ಬಗೆಗೊಂದು ಮಾಡೆಲ್ ಬೇಕು. ಮೆಟ್ರೋ ದೂರವೂ ಸ್ಥಿರವಲ್ಲ. ವೈಟ್‌ಫೀಲ್ಡಿನಿಂದ ಕೆ.ಆರ್. ಪುರಕ್ಕೆ ರೈಲು 2023ರ ಮಾರ್ಚ್‌ನಲ್ಲಿ ಓಡಿತು, ಬೈಯಪ್ಪನಹಳ್ಳಿಯ ಕೊಂಡಿ ಸೇರಿದ್ದು ಅಕ್ಟೋಬರ್‌ನಲ್ಲಿ. ಮನೆ ಕದಲಲಿಲ್ಲ, ದೂರ ಬದಲಾಯಿತು.

ಗೆಳೆಯನ ವಿಷಯಕ್ಕೆ ಬರೋಣ. ಇಷ್ಟೆಲ್ಲಾ ಆದಮೇಲೆ ಅವರಪ್ಪನಿಗೆ "ಕೊಳ್ಳಿ" ಅಂತಲೋ "ಬೇಡ" ಅಂತಲೋ ನಾವು ಹೇಳಲಿಲ್ಲ. ಹೇಳುವ ಹಕ್ಕೂ ನಮಗಿಲ್ಲ, ದುಡ್ಡು ಅವರದ್ದು. ಅವರು ಓದಿದ ಸರಾಸರಿ ಅವರ ಸೈಟಿಗೂ ಸಂಬಂಧಿಸಿದ್ದಲ್ಲ, ನೋಡಿಟ್ಟ ಫ್ಲ್ಯಾಟಿಗೂ ಅಲ್ಲ ಅನ್ನೋದನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಟ್ಟೆವು. ಬಿಲ್ಡರ್ ಹತ್ತಿರ ಕೇಳೋಕೆ ಮೂರು ಪ್ರಶ್ನೆಯನ್ನೂ ಬರೆದೆವು: ಕಾರ್ಪೆಟ್ ವಿಸ್ತೀರ್ಣ ಎಷ್ಟು, ಅವಿಭಜಿತ ಪಾಲು ಎಷ್ಟು ಚದರ ಅಡಿ, ಅಕ್ಕಪಕ್ಕದ ಅಷ್ಟೇ ವಯಸ್ಸಿನ ಕಟ್ಟಡದಲ್ಲಿ ಒಂದೇ ಫ್ಲ್ಯಾಟ್ ಎರಡು ಸಲ ಮಾರಾಟವಾದ ಬೆಲೆ ಎಷ್ಟೆಷ್ಟು.

ಮೊದಲನೆಯದಕ್ಕೆ ಉತ್ತರ ತಕ್ಷಣ ಸಿಕ್ಕಿತಂತೆ. ಎರಡನೆಯದಕ್ಕೆ "ಅಗ್ರಿಮೆಂಟಿನಲ್ಲಿ ಇರುತ್ತೆ ಸಾರ್" ಅಂದರಂತೆ. ಮೂರನೆಯದಕ್ಕೆ ಅವರಪ್ಪನೇ ಋಣಭಾರ ಪತ್ರ ತೆಗೆಸಲು ಅರ್ಜಿ ಹಾಕಿದ್ದಾರೆ. ಸೈಟಿನಲ್ಲಿ ಸದ್ಯಕ್ಕೆ ಕಳೆ ಕೀಳಿಸಿದ್ದಾರೆ.