ಹಿರಿಯರ ತಟ್ಟೆ, ಹಿರಿಯರ ನೆನಪು

ಇಳಿವಯಸ್ಸಿನಲ್ಲಿ ಮನುಷ್ಯನು ಅರಿತಿದ್ದನ್ನೆಲ್ಲ ಕಳೆದುಕೊಳ್ಳುವ ಸ್ಥಿತಿಯನ್ನು ಪವಿತ್ರ ಕುರ್‌ಆನ್‌ನ ಅನ್ನಹ್ಲ್ ಅಧ್ಯಾಯ ನೆನಪಿಸುತ್ತದೆ. ಅಂತಹ ಬಾಳಿನಿಂದ ಪ್ರವಾದಿವರ್ಯರು(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ನಮ್ಮ ಮನೆಗಳಲ್ಲಾದರೋ, ಅಜ್ಜನಿಗೆ ಎಷ್ಟು ರಕಅತ್ ಆಯಿತೆಂಬುದು ಮರೆತುಹೋದಾಗ, ಅಜ್ಜಿ ಒಂದೇ ಪ್ರಶ್ನೆಯನ್ನು ಹತ್ತು ಬಾರಿ ಕೇಳಿದಾಗ, 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗುತ್ತೇವೆ. ಪ್ರಾರ್ಥನೆಯೊಂದಿಗೆ ಪ್ರಯತ್ನವೂ ಬೇಡವೇ?

ಮೆದುಳಿನ ತೂಕ ದೇಹದ ತೂಕದ ಶೇ. 2ರಷ್ಟು ಮಾತ್ರ. ಆದರೆ ದೇಹವು ವಿಶ್ರಾಂತಿಯಲ್ಲಿರುವಾಗ ವ್ಯಯಿಸುವ ಶಕ್ತಿಯ ಸುಮಾರು ಶೇ. 20ರಷ್ಟನ್ನು ಅದೊಂದೇ ಬಳಸುತ್ತದೆ. ಅದಕ್ಕೆ ಆಹಾರ ತಲುಪಿಸುವ ಸೂಕ್ಷ್ಮ ರಕ್ತನಾಳಗಳನ್ನು ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟ್ರಾಲ್‌ಗಳು ಕೆಡಿಸುತ್ತವೆ. ಮರೆವಿನ ರೋಗದ ಅಪಾಯವನ್ನು ಹೆಚ್ಚಿಸುವ, ಆದರೆ ಬದಲಾಯಿಸಬಹುದಾದ 14 ಅಂಶಗಳನ್ನು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಪಟ್ಟಿ ಮಾಡಿತು. ಈ ಮೂರೂ ಅದರಲ್ಲಿವೆ. ಮೂರಕ್ಕೂ ಅಡುಗೆಮನೆಯೊಂದಿಗೆ ನಂಟಿದೆ.

ಇದನ್ನು ಹಿರಿಯರಿಗೆ ಹೇಳುವುದು ಹೇಗೆ? ತಪ್ಪಾಗಿ ವುಝೂ ಮಾಡುತ್ತಿದ್ದ ವೃದ್ಧರೊಬ್ಬರನ್ನು ಕಂಡ ಹಸನ್ ಮತ್ತು ಹುಸೈನ್(ರ), ನಮ್ಮಿಬ್ಬರಲ್ಲಿ ಯಾರ ವುಝೂ ಸರಿ ಎಂದು ನೀವೇ ತೀರ್ಪು ಕೊಡಿ ಎಂದು ಅವರನ್ನು ಕೇಳಿಕೊಂಡ ಕಥೆ ಎಲ್ಲರಿಗೂ ಪರಿಚಿತ. ವೃದ್ಧರು ನೋಡಿಯೇ ಕಲಿತರು, ಅವರ ಮಾನಕ್ಕೂ ಕುಂದಾಗಲಿಲ್ಲ. ನಾವು ಮಾಡುವುದೇನು? ಊಟಕ್ಕೆ ಕುಳಿತ ಅಪ್ಪನ ಮುಂದಿನಿಂದ ಉಪ್ಪಿನಕಾಯಿಯ ಜಾಡಿಯನ್ನು ಎಳೆದುಕೊಳ್ಳುತ್ತೇವೆ. ಅದೂ ಮೊಮ್ಮಕ್ಕಳ ಎದುರಿನಲ್ಲಿ! ಅವರು ಮರುದಿನ ಹೋಟೆಲಿನಲ್ಲಿ ತಿಂದು ಬರುತ್ತಾರೆ.

ಉಪ್ಪಿನಿಂದಲೇ ಆರಂಭಿಸಿರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಮಟ್ಟ ಟೀ ಚಮಚದೊಳಗೆ ಸಾಕು. ಈ ಅಂಕಿಯನ್ನು ಹೇಳಿದರೆ ಯಾರಿಗೂ ನಾಟದು. ಒಂದು ಚಮಚ ಉಪ್ಪನ್ನು ಬಟ್ಟಲಿಗೆ ಹಾಕಿ ತೋರಿಸಿ, ಇಡೀ ದಿನದ ಸಾರು, ಚಟ್ನಿ, ಒಣಮೀನು, ಹಪ್ಪಳ ಎಲ್ಲವೂ ಇದರೊಳಗೆ ಬರಬೇಕು ಎನ್ನಿರಿ. ವಯಸ್ಸಾದಂತೆ ನಾಲಗೆಯ ರುಚಿ ಕುಗ್ಗುವುದರಿಂದ ಅವರು ಹೆಚ್ಚು ಉಪ್ಪು ಕೇಳುವುದು ಹಟವಲ್ಲ. ಲಿಂಬೆ, ಹುಣಸೆ, ಶುಂಠಿ, ಕೊತ್ತಂಬರಿ ಹೆಚ್ಚಿಸಿದರೆ ಕೊರತೆ ಅಷ್ಟಾಗಿ ತಿಳಿಯದು. ಉಪ್ಪನ್ನು ಇಡೀ ಮನೆಗೇ ಕಡಿಮೆ ಮಾಡಿರಿ. ಅಜ್ಜನಿಗೊಬ್ಬರಿಗೇ ಸಪ್ಪೆ ಸಾರು ಬಡಿಸಿದರೆ ಅದು ಶಿಕ್ಷೆಯಂತಾಗುತ್ತದೆ.

ಇನ್ನು ತಿನ್ನಬೇಕಾದುದು. ಕರಾವಳಿಯವರಿಗೆ ಬೂತಾಯಿ, ಬಂಗುಡೆಗಳಿವೆ. ಮೆದುಳಿಗೆ ಬೇಕಾದ ಒಳ್ಳೆಯ ಕೊಬ್ಬು ಅವುಗಳಲ್ಲಿದೆ. ಕರಿಯುವುದಕ್ಕಿಂತ ಸಾರು ಮಾಡುವುದು ಲೇಸು. ಬಯಲುಸೀಮೆಯವರಿಗೆ ಮೆಂತ್ಯೆ ಸೊಪ್ಪು, ಹೆಸರುಕಾಳು, ಶೇಂಗಾ, ಜೋಳದ ರೊಟ್ಟಿ ಇವೆ. ಹಲ್ಲಿಲ್ಲದವರಿಗೆ ಸೊಪ್ಪನ್ನು ಬೇಯಿಸಿ ಮಸೆದು ಕೊಡಿರಿ. ವೃದ್ಧರಿಗೆ ಬಾಯಾರಿಕೆ ಬೇಗ ತಿಳಿಯುವುದಿಲ್ಲ. ನೀರು ಕಡಿಮೆಯಾದರೂ ಮಂಕು ಕವಿಯುತ್ತದೆ. ಆದ್ದರಿಂದ ಕೇಳುವವರೆಗೆ ಕಾಯದೆ ನೀರು ಕೊಡಿರಿ. ರಮಝಾನಿನ ಇಫ್ತಾರಿನಲ್ಲಿ ಸಮೋಸ, ಶರಬತ್ತುಗಳ ರಾಶಿಯ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ.

ಜ್ಞಾಪಕಶಕ್ತಿಯ ಟಾನಿಕ್, ದುಬಾರಿ ಪುಡಿಗಳಿಗೆ ಮಾತ್ರ ಮರುಳಾಗಬೇಡಿರಿ. ಮರೆವಿನ ರೋಗ ತಡೆಯಲೆಂದು ವಿಟಮಿನ್ ಬಿ, ಇ ಮಾತ್ರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿಯೇ ಶಿಫಾರಸು ಮಾಡಲಿಲ್ಲ. ಆಹಾರವೂ ಮಂತ್ರದಂಡವಲ್ಲ. ಅಮೆರಿಕದಲ್ಲಿ 604 ಮಂದಿಯ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೆದುಳಿಗೆಂದೇ ರೂಪಿಸಿದ ಪಥ್ಯ ಮಾಡಿದವರಿಗೂ, ಎಂದಿನ ಆಹಾರವನ್ನೇ ತುಸು ಕಡಿಮೆ ತಿಂದವರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಆದರೆ ಫಿನ್‌ಲ್ಯಾಂಡ್‌ನಲ್ಲಿ 60ರಿಂದ 77 ವರ್ಷದ 1260 ಮಂದಿಯಲ್ಲಿ, ಆಹಾರದ ಜತೆಗೆ ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡದ ನಿಗಾ ಇವೆಲ್ಲವನ್ನೂ ಎರಡು ವರ್ಷ ನೀಡಿದಾಗ ಫಲ ಕಂಡಿತು. ಇದು ಪ್ರಕಟವಾದುದು 2015ರಲ್ಲಿ. ಹಾಗಾದರೆ ಅಜ್ಜನನ್ನು ಮಸೀದಿಗೆ ಬೈಕಿನಲ್ಲಿ ಕೂರಿಸಿಕೊಂಡು ಹೋಗುವ ಬದಲು, ಸಾಧ್ಯವಿದ್ದರೆ ಜತೆಗೆ ನಡೆದು ಹೋಗಿರಿ.

ಕೊನೆಗೊಂದು ಮಾತು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕಡಿಮೆಯಾಗಬಹುದು. ಅದರಿಂದಲೂ ಮರೆವು ಬರುತ್ತದೆ, ಬೇಗ ಚಿಕಿತ್ಸೆಯಾದರೆ ಎಷ್ಟೋ ವೇಳೆ ಸುಧಾರಿಸುತ್ತದೆ. ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿರಿ. ಮೂತ್ರಪಿಂಡದ ತೊಂದರೆಯಿದ್ದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪು, ಹಣ್ಣುಗಳನ್ನು ಹೆಚ್ಚಿಸುವ ಮೊದಲೂ ಅವರನ್ನೇ ಕೇಳಬೇಕು.